ಚಳಿಗಾಲದ ಲೆಕ್ಕ ಬಕೆಟ್ಟಿನಿಂದ ಶುರು

ಬೆಂಗಳೂರಿನ ಚಳಿ ಮನೆ ಖರ್ಚಿನೊಳಗೆ ನುಗ್ಗುವುದು ಬಚ್ಚಲುಮನೆಯ ಬಾಗಿಲಿನಿಂದ. ದೀಪಾವಳಿ ಮುಗಿದು ಕಾರ್ತಿಕದ ಇಬ್ಬನಿ ಬೀಳತೊಡಗಿದರೆ ಸಾಕು, ಅಲ್ಲಿಯವರೆಗೆ ತಣ್ಣೀರು ಮೈಮೇಲೆ ಸುರಿದುಕೊಂಡು ಓಡುತ್ತಿದ್ದವರೂ ಗೀಸರ್ ಸ್ವಿಚ್ಚಿನತ್ತ ಕೈ ಚಾಚುತ್ತಾರೆ. ಇಂಗ್ಲೆಂಡಿನಲ್ಲೋ ಕೆನಡಾದಲ್ಲೋ ಇರುವ ನಮ್ಮವರಿಗೆ ಚಳಿಗಾಲದ ಬಿಲ್ಲೆಂದರೆ ಕೋಣೆ ಕಾಯಿಸಿದ ಬಿಲ್ಲು. ಅದನ್ನು ತಾಳಲಾಗದ ಹಿರಿಯರಿಗೆಂದು ಬ್ರಿಟನ್ ಸರ್ಕಾರ 1997ರಿಂದ ಪ್ರತ್ಯೇಕ ಸಹಾಯಧನವನ್ನೇ ಕೊಡುತ್ತಿದೆ. ನಮ್ಮಲ್ಲಿ ಕೋಣೆ ಕಾಯಿಸುವ ಮಾತೇ ಇಲ್ಲ. ಈ ಊರಿನ ದಾಖಲೆ ಚಳಿ 1884ರ ಜನವರಿ 13ರದು, 7.8 ಡಿಗ್ರಿ. ಮಾಮೂಲಿ ಡಿಸೆಂಬರ್ ಬೆಳಗು ಹದಿನೈದು-ಹದಿನಾರು ಡಿಗ್ರಿಗೆ ನಿಲ್ಲುತ್ತದೆ. ಅಷ್ಟು ಚಳಿಗೆ ಗೋಡೆ ಕಾಯಿಸಬೇಕಿಲ್ಲ, ನೀರು ಕಾಯಿಸಿದರೆ ಸಾಕು. ಹಾಗಾಗಿ ಇಲ್ಲಿ ಚಳಿಗಾಲದ ಮಿತವ್ಯಯ ಎಂದರೆ ಮುಕ್ಕಾಲುಪಾಲು ಬಿಸಿನೀರಿನ ವಿಚಾರ. ಉಳಿದ ಕಾಲುಪಾಲು ಅಡುಗೆಮನೆ ಮತ್ತು ಹೊದಿಕೆಯದು.

ಗೊರಗುಂಟೆಪಾಳ್ಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ತುಮಕೂರು ರಸ್ತೆಗೆ ಹೊರವರ್ತುಲ ರಸ್ತೆ ಬಂದು ಕೂಡುವ ಈ ಜಾಗ ಊರಿಗೆ ಹೋಗುವವರ ಬಸ್ ನಿಲ್ದಾಣವೂ ಹೌದು, ಊರು ಬಿಟ್ಟು ಬಂದವರ ನೆಲೆಯೂ ಹೌದು. ಒಂದು ಕಡೆ ಪೀಣ್ಯದ ಕಾರ್ಖಾನೆಗಳು, ಇನ್ನೊಂದು ಕಡೆ ಯಶವಂತಪುರದ ಎಪಿಎಂಸಿ ಯಾರ್ಡ್. 2014ರ ಮಾರ್ಚ್‌ನಿಂದ ನೆತ್ತಿಯ ಮೇಲೆ ಮೆಟ್ರೊ. ಮುಖ್ಯರಸ್ತೆಯಿಂದ ಒಳಗೆ ತಿರುಗಿದರೆ ಒಂದರ ಮೇಲೊಂದು ಮಹಡಿ ಏರಿದ ಬಾಡಿಗೆ ಕಟ್ಟಡಗಳು. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಲೇತ್ ಮೆಷಿನ್ ಮೇಲೆ ನಿಲ್ಲುವ ಹುಡುಗರು, ಲೋಡಿಂಗ್‌ನವರು, ಆಟೊದವರು. ಒಂದು ಹಾಲು, ಒಂದು ಅಡುಗೆಮನೆ, ಮೂಲೆಯಲ್ಲಿ ಬಚ್ಚಲು. ಸಂಬಳ ಏಳನೇ ತಾರೀಖಿಗೆ ಬರುತ್ತದೆ, ಇಪ್ಪತ್ತರ ಹೊತ್ತಿಗೆ ತೆಳ್ಳಗಾಗುತ್ತದೆ. ಪತ್ರಿಕೆಗಳಲ್ಲಿ ಬರುವ ‘ಉಳಿತಾಯದ ಉಪಾಯ’ಗಳೆಲ್ಲ ಕೈಯಲ್ಲಿ ಕಾಸು ಇರುವವರಿಗೆ ಬರೆದವು ಎಂಬುದು ಇಂಥ ಓಣಿಗಳಲ್ಲಿ ನಿಂತು ನೋಡಿದಾಗ ಬೇಗ ತಿಳಿಯುತ್ತದೆ.

ಒಂದು ಬಕೆಟ್ ನೀರನ್ನೇ ತೆಗೆದುಕೊಳ್ಳೋಣ. ಇಪ್ಪತ್ತು ಲೀಟರ್. ಡಿಸೆಂಬರ್ ಬೆಳಗಿನ ಐದು ಗಂಟೆಗೆ ಮಹಡಿ ಮೇಲಿನ ಸಿಂಟೆಕ್ಸ್‌ನಿಂದ ಇಳಿಯುವ ನೀರು ಸುಮಾರು 18 ಡಿಗ್ರಿ ಇರುತ್ತದೆ ಅಂದುಕೊಳ್ಳಿ. ಸ್ನಾನಕ್ಕೆ ಹಿತವಾಗುವುದು 40. ಅಂದರೆ 22 ಡಿಗ್ರಿ ಏರಿಸಬೇಕು, ಅದಕ್ಕೆ ಬೇಕಾದದ್ದು 440 ಕಿಲೊಕ್ಯಾಲರಿ. ಒಂದು ಯೂನಿಟ್ ಕರೆಂಟಿನಲ್ಲಿರುವುದು 860. ಅಲ್ಲಿಗೆ ಬಕೆಟ್ಟಿಗೆ ಅರ್ಧ ಯೂನಿಟ್. ನಾಲ್ಕು ಜನರ ಮನೆ, ತಲೆಗೊಂದು ಬಕೆಟ್ ಎಂದರೆ ದಿನಕ್ಕೆ ಎರಡು, ತಿಂಗಳಿಗೆ ಅರವತ್ತು ಯೂನಿಟ್. ಗೀಸರ್ ಯಾವ ಕಂಪನಿಯದಾದರೂ ಈ ಅರವತ್ತರಲ್ಲಿ ದೊಡ್ಡ ವ್ಯತ್ಯಾಸವಾಗದು, ನೀರು ಬಿಸಿಯಾಗುವ ಲೆಕ್ಕ ಎಲ್ಲದಕ್ಕೂ ಒಂದೇ. ಶವರ್ ಇದ್ದರೆ ಕಥೆಯೇ ಬೇರೆ. ನಿಮಿಷಕ್ಕೆ ಎಂಟು-ಹತ್ತು ಲೀಟರ್ ಸುರಿಯುವ ಶವರಿನಡಿ ಎಂಟು ನಿಮಿಷ ನಿಂತವರು ಮೂರು-ನಾಲ್ಕು ಬಕೆಟ್ ಮುಗಿಸಿರುತ್ತಾರೆ. ಬಕೆಟ್ಟು-ಚೊಂಬು ಹಳೇ ಕಾಲದ್ದು ಎಂದು ಮೂಗು ಮುರಿಯುವವರು ಈ ಒಂದು ಗುಣಾಕಾರ ಮಾಡಿ ನೋಡಬೇಕು.

ಇಲ್ಲಿ ಯಾರೂ ಹೆಚ್ಚು ಗಮನಿಸದ ಒಂದು ಸಂಗತಿಯಿದೆ: ಸ್ನಾನದ ಹೊತ್ತು. ತೆರೆದ ಆಕಾಶದಡಿ ರಾತ್ರಿಯಿಡೀ ನಿಂತ ಟ್ಯಾಂಕಿನ ನೀರು ನಸುಕಿನಲ್ಲೇ ಅತ್ಯಂತ ತಣ್ಣಗಿರುತ್ತದೆ. ಅದೇ ಕಪ್ಪು ಟ್ಯಾಂಕು ಹಗಲಿಡೀ ಬಿಸಿಲು ಕುಡಿದು, ಸಂಜೆ ಆರಕ್ಕೆ 26 ಡಿಗ್ರಿ ಆಸುಪಾಸಿಗೆ ಬಂದಿರುತ್ತದೆ. ಆಗ ಏರಿಸಬೇಕಾದ್ದು 14 ಡಿಗ್ರಿ ಮಾತ್ರ. ಅರ್ಧ ಯೂನಿಟ್ ಇದ್ದದ್ದು ಮೂರನೇ ಒಂದು ಯೂನಿಟ್ಟಿಗೆ ಇಳಿಯುತ್ತದೆ. ನಾಲ್ಕು ಜನಕ್ಕೆ ತಿಂಗಳಿಗೆ ಇಪ್ಪತ್ತಕ್ಕೂ ಹೆಚ್ಚು ಯೂನಿಟ್ ಉಳಿತಾಯ, ಒಂದು ಪೈಸೆ ಖರ್ಚಿಲ್ಲದೆ. ಎದ್ದ ಕೂಡಲೇ ಸ್ನಾನ, ಆಮೇಲೇ ದೇವರ ದೀಪ ಎಂಬ ಮನೆಗಳಲ್ಲಿ ಇದು ನಡೆಯುವ ಮಾತಲ್ಲ, ಗೊತ್ತು. ಆದರೆ ದಿನವಿಡೀ ಮೆಷಿನ್ ಧೂಳು ಕುಡಿದು ಬರುವವರಿಗೆ ಸಂಜೆಯ ಸ್ನಾನವೇ ಮೈಗೂ ಹಿತ. ಮನೆಯಲ್ಲಿ ಇಬ್ಬರಾದರೂ ಸಂಜೆಗೆ ಬದಲಿಸಿಕೊಂಡರೆ ಬೆಳಗಿನ ಬಚ್ಚಲಿನ ಸರದಿಯೂ ಕರಗುತ್ತದೆ. ಬೋರ್‌ವೆಲ್ ನೀರಿರುವ ಕಟ್ಟಡಗಳಲ್ಲಿ ಇನ್ನೊಂದು ದಾರಿಯಿದೆ. ನೆಲದಾಳದಿಂದ ಆಗಷ್ಟೇ ಬಂದ ನೀರು ಚಳಿಗಾಲದಲ್ಲೂ ಬೆಚ್ಚಗಿರುತ್ತದೆ, ಮೋಟಾರ್ ಹಾಕಿದ ಹೊತ್ತಿಗೇ ಬಕೆಟ್ ತುಂಬಿಸಿಕೊಂಡವರು ಜಾಣರು. ಆ ನೀರಿನ ಗಡಸುತನ ಮಾತ್ರ ಗೀಸರಿನೊಳಗಿನ ಕಾಯಿಲ್ ಮೇಲೆ ಸುಣ್ಣದ ಹಕ್ಕಳೆಯಾಗಿ ಕೂರುತ್ತದೆ. ಎರಡು ವರ್ಷಕ್ಕೊಮ್ಮೆ ಬಿಚ್ಚಿಸಿ ಕೆರೆಸದಿದ್ದರೆ ಒಂದು ದಿನ ಕಾಯಿಲ್ಲೇ ಸುಟ್ಟು ಹೋಗುತ್ತದೆ.

ಸೋಲಾರ್ ಇರುವ ಕಟ್ಟಡಗಳ ತಾಪತ್ರಯ ಬೇರೆ. ಪೈಪು ಮೂರು ಮಹಡಿ ಇಳಿದು ಬರುವಷ್ಟರಲ್ಲಿ ಒಂದು-ಒಂದೂವರೆ ಬಕೆಟ್ ತಣ್ಣೀರು ಮೋರಿಗೆ ಹೋಗಿರುತ್ತದೆ. ‘ಅಕ್ಕಾ, ಬಿಸಿ ಬಂತಾ?’ ಎಂದು ಕೆಳಗಿನವರು ಮೇಲಿನವರನ್ನು ಕೂಗಿ ಕೇಳುವುದು ಇಂಥ ಕಟ್ಟಡಗಳ ಸುಪ್ರಭಾತ. ಮೊದಲು ತಿರುಗಿಸಿದವರು ತಣ್ಣೀರನ್ನು ಬಟ್ಟೆ ನೆನೆಸಲು, ಪಾತ್ರೆಗೆ ಹಿಡಿದಿಟ್ಟರೆ ಟ್ಯಾಂಕರ್ ದುಡ್ಡಾದರೂ ಉಳಿದೀತು. ಮೋಡ ಕವಿದ ಡಿಸೆಂಬರ್ ದಿನಗಳಲ್ಲಿ ಸೋಲಾರ್ ಕೈ ಕೊಡುವುದುಂಟು, ಅದಕ್ಕೆ ಮಾಲೀಕರನ್ನು ಬೈದು ಫಲವಿಲ್ಲ.

ಗೀಸರ್ ಇಲ್ಲದ ಕೋಣೆಗಳಲ್ಲಿ ನಡೆಯುವುದು ಬಕೆಟ್ಟಿಗೆ ಇಳಿಬಿಡುವ ವಾಟರ್ ಹೀಟರ್ ಕಾಯಿಲ್. ಖರ್ಚಿನಲ್ಲಿ ಅದು ಗೀಸರಿಗೆ ಸಮ; ಟ್ಯಾಂಕಿನಲ್ಲಿ ನಿಂತು ಆರಿಹೋಗುವ ನೀರಿಲ್ಲವಾದ್ದರಿಂದ ಒಂದು ಕೈ ಮೇಲೆಂದೇ ಹೇಳಬೇಕು. ಅಪಾಯದಲ್ಲಿ ಮಾತ್ರ ಅದಕ್ಕೆ ಸಮವಿಲ್ಲ. ಅಲ್ಯೂಮಿನಿಯಂ ಪಾತ್ರೆಗೆ ಇಳಿಬಿಡುವುದು, ಸ್ವಿಚ್ ಆರಿಸದೆ ನೀರು ಬಿಸಿಯಾಯಿತೇ ಎಂದು ಬೆರಳು ಅದ್ದುವುದು, ಅರ್ಥಿಂಗ್ ಇಲ್ಲದ ಎರಡು ಪಿನ್ನಿನ ಪ್ಲಗ್ಗು – ಚಳಿಗಾಲದ ಸಾವಿನ ಸುದ್ದಿಗಳಲ್ಲಿ ಇವು ಮತ್ತೆ ಮತ್ತೆ ಬರುತ್ತವೆ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಾಕಿಸುವುದೂ ಅಷ್ಟೇ ಕೆಟ್ಟದ್ದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಮುಚ್ಚಿದ ಬಾಗಿಲೊಳಗೆ ಕುಸಿದವರು ಕೂಗಿ ಕರೆಯುವುದೂ ಇಲ್ಲ. ಉಳಿಸುವ ಹುಮ್ಮಸ್ಸಿನಲ್ಲಿ ಇವೆರಡನ್ನು ಮರೆಯಬಾರದು.

ಒಲೆಯ ಮೇಲೆ ಕಾಯಿಸಿದರೆ ಅಗ್ಗವಲ್ಲವೇ ಎಂದು ಕೇಳುವವರಿದ್ದಾರೆ. 2025ರ ಏಪ್ರಿಲ್ ಏರಿಕೆಯ ನಂತರ ಬೆಂಗಳೂರಿನಲ್ಲಿ 14.2 ಕೆ.ಜಿ. ಸಿಲಿಂಡರ್ 855 ರೂಪಾಯಿ ಆಸುಪಾಸಿಗೆ ಬಂತು, ಅಂದರೆ ಕೆ.ಜಿ.ಗೆ 60. ಮಾಮೂಲಿ ಬರ್ನರಿನ ಉರಿಯಲ್ಲಿ ನೂರಕ್ಕೆ ಸುಮಾರು ನಲವತ್ತು ಪಾಲು ಪಾತ್ರೆಯ ಸುತ್ತ ಗಾಳಿಗೆ ಹೋಗುತ್ತದೆ. ಅದನ್ನು ಸೇರಿಸಿ ಲೆಕ್ಕ ಹಾಕಿದರೆ ಬೆಳಗಿನ ಬಕೆಟ್ಟಿಗೆ 65-70 ಗ್ರಾಂ ಗ್ಯಾಸ್, ನಾಲ್ಕು ರೂಪಾಯಿ. ಕರೆಂಟಿನಲ್ಲಿ ಅದೇ ಬಕೆಟ್ಟು ಪೂರ್ತಿ ದುಡ್ಡು ಕೊಟ್ಟರೂ ಮೂರೂವರೆ ರೂಪಾಯಿಯ ಹತ್ತಿರ. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಮಿತಿಯೊಳಗಿದ್ದರೆ ಸೊನ್ನೆ. ಸಿಲಿಂಡರ್ ಇಲ್ಲದ ಬ್ಯಾಚುಲರ್ ಹುಡುಗರು ಅಂಗಡಿಗಳಲ್ಲಿ ಕೆ.ಜಿ. ಲೆಕ್ಕದಲ್ಲಿ ಸಣ್ಣ ಸಿಲಿಂಡರಿಗೆ ತುಂಬಿಸಿಕೊಳ್ಳುವ ಗ್ಯಾಸ್ ಇದಕ್ಕಿಂತ ಬಹಳ ದುಬಾರಿ, ಕಾನೂನಿಗೂ ವಿರುದ್ಧ, ಜೀವಕ್ಕೂ ಕುತ್ತು.

ಗೃಹಜ್ಯೋತಿಯ ಆ ಮಿತಿ ಎಷ್ಟು ಎಂಬುದು ಬಹಳ ಮನೆಗಳಲ್ಲಿ ಸರಿಯಾಗಿ ಗೊತ್ತಿಲ್ಲ. ‘ಇನ್ನೂರು ಯೂನಿಟ್ ಫ್ರೀ’ ಎಂಬುದು ಬಾಯಿಮಾತಾಗಿ ನಿಂತಿದೆ. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಯೋಜನೆಯಲ್ಲಿ ಇನ್ನೂರು ಎಂಬುದು ಹೊರಬೇಲಿ. ಒಳಗೆ ಪ್ರತಿ ಮನೆಗೂ ಬೇರೆ ಬೇರೆ ಗೆರೆ: 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅಷ್ಟು, ಅದರ ಮೇಲೆ ಶೇ 10. ಸರಾಸರಿ 48 ಯೂನಿಟ್ ಒಳಗಿದ್ದವರಿಗೆ ಶೇ 10ರ ಬದಲು ಹತ್ತು ಯೂನಿಟ್ ಕೊಡುವ ತಿದ್ದುಪಡಿ 2024ರ ಜನವರಿಯಲ್ಲಿ ಬಂತು. ಹಳೇ ಲೆಕ್ಕವೇ ಇಲ್ಲದ ಹೊಸ ಮನೆ, ಹೊಸ ಬಾಡಿಗೆದಾರರಿಗೆ ರಾಜ್ಯದ ಸರಾಸರಿ 53ಕ್ಕೆ ಶೇ 10 ಸೇರಿಸಿ 58 ಯೂನಿಟ್. ಗೆರೆ ದಾಟಿದ ಯೂನಿಟ್ಟುಗಳಿಗೆ ದುಡ್ಡು ಕಟ್ಟಬೇಕು. ಇನ್ನೂರನ್ನೇ ದಾಟಿದರೆ ಮೊದಲ ಯೂನಿಟ್ಟಿನಿಂದಲೂ ಪೂರ್ತಿ ಬಿಲ್.

ಇದರ ಅರ್ಥವೇನು ನೋಡಿ. ಸರಾಸರಿ ಎಂಬುದು ಬೇಸಿಗೆ-ಮಳೆ-ಚಳಿ ಮೂರನ್ನೂ ಕಲಸಿ ತೆಗೆದ ಸಂಖ್ಯೆ. ಬಿಸಿನೀರಿನ ಮೂರು ತಿಂಗಳು ಅದು ಸಾಲದು. 58 ಯೂನಿಟ್ ಗೆರೆಯ ಮನೆಗೆ ಬೆಳಗಿನ ನಾಲ್ಕು ಬಕೆಟ್ಟೇ ಅರವತ್ತು! ದೀಪ, ಟಿ.ವಿ., ಮಿಕ್ಸಿ, ಫ್ರಿಜ್ಜು ಎಲ್ಲ ಅದರಾಚೆ. ಬಿಲ್ ನೋಡಿ ‘ಫ್ರೀ ಅಂದ್ರಲ್ಲಾ, ಇದೇನಿದು?’ ಎಂದು ಮೀಟರ್ ಓದುವವರ ಮೇಲೆ ರೇಗುವುದು ಜನವರಿಯಲ್ಲೇ ಹೆಚ್ಚು. 2025-26ರಲ್ಲಿ ಗೃಹಬಳಕೆ ದರ ಯೂನಿಟ್ಟಿಗೆ 5 ರೂ. 80 ಪೈಸೆ ಇತ್ತು, ಪಿಂಚಣಿ ಬಾಬ್ತಿನ 36 ಪೈಸೆ ಅದರ ಮೇಲೆ, ತೆರಿಗೆ ಬೇರೆ. ಒಟ್ಟು ಆರೂಮುಕ್ಕಾಲಿನ ಹತ್ತಿರ. ಗೆರೆಯ ಮೇಲೆ ನಲವತ್ತು ಯೂನಿಟ್ ಹೋದರೆ 270 ರೂಪಾಯಿ. ಇದು ತಾಳಿಕೊಳ್ಳುವ ಪೆಟ್ಟು. ದೊಡ್ಡ ಸಂಸಾರ ಇನ್ನೂರೊಂದನೆಯ ಯೂನಿಟ್ಟಿಗೆ ಕಾಲಿಟ್ಟರೆ ನಿಗದಿತ ಶುಲ್ಕವೂ ಸೇರಿ ಒಂದೂವರೆ ಸಾವಿರದ ಬಿಲ್ ಬಂದು ಕೂರುತ್ತದೆ. ಆದ್ದರಿಂದ ಬಿಲ್ ಬಂದ ದಿನದ ರೀಡಿಂಗ್ ಕ್ಯಾಲೆಂಡರಿನ ಮೇಲೆ ಬರೆದಿಟ್ಟು, ತಿಂಗಳ ಇಪ್ಪತ್ತನೇ ದಿನ ಮೀಟರ್ ಪೆಟ್ಟಿಗೆಗೆ ಟಾರ್ಚ್ ಹಿಡಿದು ನೋಡುವುದು ಬೇರೆಲ್ಲ ಉಪಾಯಗಳಿಗಿಂತ ಹೆಚ್ಚು ಬೆಲೆಯ ಕೆಲಸ.

ಚಳಿಗಾಲ ಕೊಡುವುದೂ ಒಂದಿದೆ, ಅದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಳೇ ಮಾದರಿಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆಯುತ್ತದೆ. ರಾತ್ರಿ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 22 ಯೂನಿಟ್. ಸಂಜೆ ಸ್ನಾನದಿಂದ ಉಳಿಯುವುದೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಕೂಡಿದರೆ ಬಿಸಿನೀರಿನ ಅರವತ್ತರಲ್ಲಿ ನಲವತ್ತಕ್ಕೂ ಹೆಚ್ಚು ವಜಾ. ಆದರೆ ಫ್ಯಾನ್ ತಿರುಗಿಸಿಕೊಂಡು ಎರಡು ರಗ್ಗು ಹೊದೆಯುವುದು ಬೆಂಗಳೂರಿನ ವಿಚಿತ್ರ ಸುಖ, ಸೊಳ್ಳೆಯ ನೆಪವೂ ಜೊತೆಗಿದೆ. ಸೊಳ್ಳೆ ಪರದೆ ಒಮ್ಮೆ ಕೊಂಡರೆ ಮೂರು ಚಳಿಗಾಲ ಬರುತ್ತದೆ.

ಮನೆ ಬದಲಿಸುವವರು ಗೃಹಜ್ಯೋತಿಗೆ ಕೊಟ್ಟ ಆಧಾರನ್ನು ಹಳೇ ಮನೆಯ ಬೆಸ್ಕಾಂ ಆರ್.ಆರ್. ನಂಬರಿನಿಂದ ಡಿ-ಲಿಂಕ್ ಮಾಡಿಸಿ ಹೊಸ ಮನೆಗೆ ಸೇವಾಸಿಂಧು ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಇದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಮನೆಗೆ ಸ್ವಂತ ಮೀಟರ್ ಇದೆಯೇ? ಕೆಲವು ಕಟ್ಟಡಗಳಲ್ಲಿ ನಾಲ್ಕು ಮನೆಗೆ ಒಂದೇ ಸಂಪರ್ಕ, ಒಳಗೆ ಮಾಲೀಕರದೇ ಸಬ್‌ಮೀಟರ್, ಯೂನಿಟ್ಟಿಗೆ ಅವರು ಹೇಳಿದ್ದೇ ದರ. ಅಲ್ಲಿ ಗೃಹಜ್ಯೋತಿ ಬಾಡಿಗೆದಾರರ ತನಕ ಬರುವುದೇ ಇಲ್ಲ. ಬಾಡಿಗೆ ಐನೂರು ಕಡಿಮೆ ಎಂದು ಅಲ್ಲಿಗೆ ಹೋದವರು ಚಳಿಗಾಲದಲ್ಲಿ ಆ ಐನೂರನ್ನು ಕರೆಂಟಿಗೆ ಕಟ್ಟುತ್ತಾರೆ.

ನೀರು ಕಾಯಿಸುವ ಖರ್ಚು ಊರವರಿಗೆ ಹೊಸದಲ್ಲ. ಇಲ್ಲಿಂದ ಕೂಗಳತೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗಾಗಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಅವರ ತಂಡ ಇದೇ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿಗೆ ಹೋಗಿ, ಉಂಗ್ರದಲ್ಲಿ ನೆಲೆ ಮಾಡಿಕೊಂಡು, ಪುರ ಎಂಬ ಹಳ್ಳಿಯಲ್ಲಿ ಸೌದೆ ಎಷ್ಟು, ಎಲ್ಲಿಗೆ, ಯಾರ ಬೆನ್ನ ಮೇಲೆ ಬರುತ್ತದೆಂದು ಮನೆಮನೆಯಲ್ಲಿ ಅಳೆಯಿತು. ಅಡುಗೆಯ ಜೊತೆಗೆ ಹಂಡೆಯ ಒಲೆಯೂ ಸೌದೆ ನುಂಗುವ ಬಾಯಿ ಎಂಬುದು ಆ ಅಳತೆಯಲ್ಲಿ ಕಂಡಿತು. ಅಲ್ಲಿಂದ ಬಂದದ್ದು ‘ಅಸ್ತ್ರ ಒಲೆ’: ಉರಿಯನ್ನು ಮುಚ್ಚಿ, ತುರಿಜಾಲದ ಮೇಲೆ ಸೌದೆಯಿಟ್ಟು, ಹೊಗೆ ಕೊಳವೆಗೆ ಹೋಗುವ ಮುನ್ನ ಅದರ ಶಾಖವನ್ನು ಎರಡನೆಯ, ಮೂರನೆಯ ಪಾತ್ರೆಗೆ ತಾಗಿಸುವ ಒಲೆ. ಗೊರಗುಂಟೆಪಾಳ್ಯದ ಬಾಡಿಗೆ ಮನೆಯಲ್ಲಿ ಸೌದೆ ಒಲೆಗೆ ಜಾಗವಿಲ್ಲ. ಆದರೆ ಅನ್ನ ಬೆಂದ ಮೇಲೆ ಕುಕ್ಕರ್ ತಣಿಯುವ ತನಕ ಅದರ ಮೇಲೊಂದು ತಪ್ಪಲೆ ನೀರಿಡುವ ಹೆಂಗಸರು ಮಾಡುತ್ತಿರುವುದೂ ಅದೇ ವಿಜ್ಞಾನ.

ಹೊದಿಕೆಯ ವಿಷಯದಲ್ಲಿ ಈ ಓಣಿಗಳಿಗೆ ಯಾರೂ ಪಾಠ ಹೇಳಬೇಕಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರ ಮನೆಗಳಲ್ಲಿ ಕೌದಿ ಇದ್ದೇ ಇರುತ್ತದೆ. ಹತ್ತಿರದಿಂದ ನೋಡಿದರೆ ಅದೊಂದು ಕುಟುಂಬದ ಬಟ್ಟೆ ಚರಿತ್ರೆ. ಮೇಲ್ಪದರ ಅಮ್ಮನ ಹಳೇ ಇಳಕಲ್ ಸೀರೆ, ಅಡಿಯಲ್ಲಿ ಅಪ್ಪನ ಧೋತರ, ನಡುವೆ ತೇಪೆಗೂ ಬಾರದ ಅಂಗಿ-ಲಂಗಗಳ ತುಂಡುಗಳು. ಅಂಚಿನಿಂದ ಶುರುವಾದ ದಪ್ಪ ದಾರದ ಹೊಲಿಗೆ ಬೆರಳಗಲದ ಅಂತರದಲ್ಲಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಯುತ್ತದೆ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಮೈ ಬೆಚ್ಚಗಿಡುವುದು, ಬಟ್ಟೆಯ ದಪ್ಪವಲ್ಲ. ಅದಕ್ಕೇ ಬಹಳ ತೊಳೆದು ಹಪ್ಪಳವಾದ ಕೌದಿಗೆ ಹೊಸ ಪದರ ಕೂಡಿಸುತ್ತಾರೆ. ಹಗಲು ಗಾರ್ಮೆಂಟ್ಸ್‌ನಲ್ಲಿ ಹಿಮ ಬೀಳುವ ದೇಶಗಳಿಗೆ ಜಾಕೆಟ್ ಹೊಲಿಯುವ ಕೈಗಳು, ಕೆ.ಜಿ. ಲೆಕ್ಕದಲ್ಲಿ ಸಿಗುವ ಕಟ್‌ಪೀಸ್ ತಂದು ಭಾನುವಾರ ಮನೆಯಲ್ಲಿ ಈ ಕೆಲಸಕ್ಕೆ ಕೂರುತ್ತವೆ. ಸ್ವೆಟರ್ ಕೊಳ್ಳುವುದಾದರೆ ಚಳಿಗಾಲದಲ್ಲಿ ರಸ್ತೆಬದಿ ಅಂಗಡಿ ಹಾಕುವ ಟಿಬೆಟನ್ನರ ಬಳಿ, ಅದೂ ಜನವರಿ ಕೊನೆಗೆ. ಬೇಡಿಕೆ ಇಳಿದಾಗ ಚೌಕಾಶಿಗೆ ಅವರೂ ಸಿದ್ಧ. ಬೆಳೆಯುವ ಮಕ್ಕಳಿಗೆ ಒಂದು ಸೈಜ್ ದೊಡ್ಡದು.

ಇನ್ನು ತಿನ್ನುವುದು. ಅವರೆಕಾಯಿ ಬಂದರೆ ಚಳಿ ಬಂತು ಎಂದು ಈ ಕಡೆಯವರ ನಂಬಿಕೆ, ಅದಕ್ಕಾಗಿ ಸಾಲ ಮಾಡಲೂ ತಯಾರಿರುವವರಿದ್ದಾರೆ. ಮಾಗಡಿ ಕಡೆಯ ಮೊದಲ ಕೊಯ್ಲು ನವೆಂಬರಿನಲ್ಲಿ ಬಂದಾಗ ದರ ಕೇಳಿ ಮುಂದೆ ನಡೆಯುವುದೇ ಒಳ್ಳೆಯದು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಮೂಟೆ ಮೂಟೆ ಬಂದು ಬೀಳುತ್ತದೆ, ಸೊಗಡೂ ಆಗಲೇ ಹೆಚ್ಚು. ಒಂದು ಕೆ.ಜಿ. ಕಾಯಿ ಸುಲಿದರೆ ನಾನೂರು ಗ್ರಾಂ ಕಾಳು ಸಿಕ್ಕರೆ ಪುಣ್ಯ. ಕಾಯಿ ಕೆ.ಜಿ.ಗೆ 50 ರೂಪಾಯಿ ಎಂದರೆ ಕಾಳು 125 ಬಿತ್ತು. ಬೇಳೆಯ ದರದೊಡನೆ ಹೋಲಿಸಿದರೆ ಇದೇನೂ ಅಗ್ಗವಲ್ಲ. ಹಿಚುಕಿ ಸಿಪ್ಪೆ ತೆಗೆದು ಹಿದಕಬೇಳೆ ಮಾಡಿದರೆ ಇನ್ನೂ ತುಟ್ಟಿ. ಹಾಗಾಗಿ ಅವರೆಯನ್ನು ಉಳಿತಾಯದ ಖಾತೆಗೆ ಬರೆಯದೆ ಸುಖದ ಖಾತೆಗೇ ಬರೆಯುವುದು ಪ್ರಾಮಾಣಿಕ. ಸಿಪ್ಪೆ ಸಮೇತ ಹುಳಿಗೆ, ಉಪ್ಪಿಟ್ಟಿಗೆ ಹಾಕಿ, ಹಿದಕಬೇಳೆಯನ್ನು ಹಬ್ಬಕ್ಕಿಡಿ. ನಿಜಕ್ಕೂ ಉಳಿಸುವುದು ಹುರುಳಿ. ರಾತ್ರಿ ನೆನೆಸಿ, ಬೇಯಿಸಿದ ಕಟ್ಟಿನಲ್ಲಿ ಒಂದು ಹೊತ್ತಿನ ಸಾರು, ಕಾಳಿನಲ್ಲಿ ಇನ್ನೊಂದು ಹೊತ್ತಿನ ಪಲ್ಯ. ಚಳಿಗೆ ಮೈ ಕಾಯಿಸುತ್ತದೆಂದು ಅಜ್ಜಿಯರ ಶಿಫಾರಸು ಬೇರೆ.

ಯಾರ್ಡಿಗೆ ಹೋಗಿ ಮೂಟೆ ಈರುಳ್ಳಿ ತಂದರೆ ಉಳಿಯುತ್ತದೆ ಎಂಬ ಮಾತನ್ನು ಚಳಿಗಾಲದ ಹೊಸ್ತಿಲಲ್ಲಿ ನಂಬಬೇಡಿ. ಆಗ ಬರುವುದು ಚಿತ್ರದುರ್ಗ, ಗದಗ ಕಡೆಯ ಮುಂಗಾರು ಬೆಳೆ, ನೀರಿನಂಶ ಹೆಚ್ಚು. ಗಾಳಿಯಾಡದ ಅಡುಗೆಮನೆಯ ಮೂಲೆಯಲ್ಲಿ ಹದಿನೈದು ದಿನಕ್ಕೆ ಮೊಳಕೆ ಬರುತ್ತದೆ, ಇಲ್ಲವೇ ಕೊಳೆಯುತ್ತದೆ. ತಿಂಗಳುಗಟ್ಟಲೆ ಬಾಳುವುದು ಬೇಸಿಗೆಯಲ್ಲಿ ಕಿತ್ತ ಮಹಾರಾಷ್ಟ್ರದ ಈರುಳ್ಳಿ. ವಾರಕ್ಕೆ ಎರಡು ಕೆ.ಜಿ. ಕೊಂಡವರೇ ಗೆದ್ದಂತೆ.

ಸಗಟು ಖರೀದಿಯ ಉಪದೇಶದ ಕೊರತೆ ಇಲ್ಲೇ ಇದೆ. ತಿಂಗಳ ರೇಷನ್ನು ಒಟ್ಟಿಗೆ ತರಲು ಮೊದಲು ಒಟ್ಟಿಗೆ ದುಡ್ಡು ಬೇಕು, ಆಮೇಲೆ ಇಡಲು ಜಾಗ ಬೇಕು. ಚಿಕ್ಕ ಪ್ಯಾಕೆಟ್ ಯಾವಾಗಲೂ ನಷ್ಟವೆಂದೂ ಇಲ್ಲ. ಶಾಂಪೂ ಸ್ಯಾಶೆಯನ್ನು ಮಿ.ಲೀ. ಲೆಕ್ಕದಲ್ಲಿ ಭಾಗಿಸಿದರೆ ಎಷ್ಟೋ ಸಲ ಬಾಟಲಿಗಿಂತ ಅಗ್ಗ. ಅಡುಗೆ ಎಣ್ಣೆ, ಚಹಾಪುಡಿಯಲ್ಲಿ ಇದು ತಿರುಗುಮುರುಗು. 2025ರ ಸೆಪ್ಟೆಂಬರ್ 22ರಿಂದ ಸೋಪು, ಪೇಸ್ಟು, ತಲೆಗೆಣ್ಣೆಯ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಾಗ ಹಲವು ಕಂಪನಿಗಳು ಹತ್ತು ರೂಪಾಯಿಯ ಪ್ಯಾಕನ್ನು ಹತ್ತಕ್ಕೇ ಇಟ್ಟು ಗ್ರಾಂ ಹೆಚ್ಚಿಸಿದವು. ಅಂಗಡಿಯಲ್ಲಿ ಓದಬೇಕಾದದ್ದು ರೂಪಾಯಿಯನ್ನಲ್ಲ, ಹಿಂಬದಿಯ ಸಣ್ಣ ಅಕ್ಷರದ ಗ್ರಾಮನ್ನು.

ಮೂಟೆ ತರುವುದು ನಿಜವಾಗಿ ಲಾಭವಾಗುವುದು ರಾಗಿಯಲ್ಲಿ. ಡಿಸೆಂಬರ್-ಜನವರಿ ಕಣದ ಕಾಲ. ತುಮಕೂರು, ಕುಣಿಗಲ್, ಹಾಸನದ ಕಡೆ ಮನೆಯಿರುವವರು ಶನಿವಾರ ಸಂಜೆ ಜಂಕ್ಷನ್‌ನಲ್ಲಿ ಬಸ್ ಹಿಡಿದು ಹೋಗಿ ಭಾನುವಾರ ರಾತ್ರಿ ಚೀಲದೊಡನೆ ಇಳಿಯುತ್ತಾರೆ. ಹೆಂಗಸರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ, ಕೆಎಸ್‌ಆರ್‌ಟಿಸಿಯಲ್ಲಿ ಒಬ್ಬರಿಗೆ 30 ಕೆ.ಜಿ.ವರೆಗಿನ ಲಗೇಜಿಗೂ ದುಡ್ಡಿಲ್ಲ. ಸರ್ಕಾರ 2025-26ಕ್ಕೆ ರಾಗಿಗೆ ಕ್ವಿಂಟಲ್‌ಗೆ 4,886 ರೂಪಾಯಿ ಬೆಂಬಲ ಬೆಲೆ ಕೊಟ್ಟಿದೆ. ಊರಲ್ಲಿ ಜಮೀನಿಲ್ಲದವರೂ ಕೆ.ಜಿ.ಗೆ ಅದರ ಆಸುಪಾಸಿನ ದರ ಕೊಟ್ಟು ರೈತರಿಂದಲೇ ತರಬಹುದು, ಒಪ್ಪುವವರಿದ್ದಾರೆ. ಚೆನ್ನಾಗಿ ಒಣಗಿದ ರಾಗಿಗೆ ಹುಳು ಬೀಳುವುದಿಲ್ಲ, ವರ್ಷಗಟ್ಟಲೆ ಇಟ್ಟರೂ ಕೆಡದು. ಹಿಟ್ಟು ಮಾಡಿಸಿದ ಮೇಲೆಯೇ ಮುಗ್ಗುವ ಭಯ. ಹಾಗಾಗಿ ಕಾಳನ್ನು ಡ್ರಮ್ಮಿನಲ್ಲಿ ಇಟ್ಟುಕೊಂಡು ಹದಿನೈದು ದಿನಕ್ಕೊಮ್ಮೆ ಬೇಕಾದಷ್ಟೇ ಮಿಲ್ಲಿಗೆ ಕೊಡುತ್ತಾರೆ. ಮೂರು ಕೆ.ಜಿ.ಗೆ ಮಿಲ್ಲಿನವರು ಗೊಣಗುವುದರಿಂದ ಅಕ್ಕಪಕ್ಕದ ಮೂರು ಮನೆಯವರು ಒಂದೇ ಚೀಲದಲ್ಲಿ ಹಾಕಿ ಕಳಿಸಿ, ಬಂದ ಮೇಲೆ ತೂಗಿ ಹಂಚಿಕೊಳ್ಳುತ್ತಾರೆ. ಮೊದಲು ಬೀಸಿದವರ ಗೋಧಿ ಹಿಟ್ಟು ಮಿಲ್ಲಿನಲ್ಲಿ ಉಳಿದಿದ್ದರೆ ಮುದ್ದೆ ಅಂಟಾಗುತ್ತದೆ. ಅದಕ್ಕೇ ಅನುಭವಸ್ಥರು ರಾಗಿಯ ಸರದಿ ನೋಡಿಕೊಂಡು ಹೋಗುತ್ತಾರೆ.